ಇನ್ಸುಲಿನ್ ಕೊಡುವ ಮುಂಚಿನ ಎರಡು ನಿಮಿಷ

ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಡೋಸ್, ಸರಿಯಾದ ದಾರಿ (ಬಾಯಿಗೋ, ಚುಚ್ಚಿಯೋ), ಸರಿಯಾದ ಸಮಯ. ನರ್ಸಿಂಗ್ ಓದಿದ ಎಲ್ಲರಿಗೂ ಈ ಐದು ಬಾಯಿಪಾಠ. ಇವು ಬೇಕೇ ಬೇಕು. ಆದರೆ ಚಾರ್ಟಿನಲ್ಲಿ ಬರೆದದ್ದನ್ನು ಬರೆದ ಹಾಗೆ ಕೊಟ್ಟಿದ್ದೇವಾ ಅನ್ನೋದನ್ನಷ್ಟೇ ಇವು ನೋಡುತ್ತವೆ. ಬರೆದದ್ದು ಈ ಹೊತ್ತಿನಲ್ಲಿ ಈ ರೋಗಿಗೆ ಹೊಂದುತ್ತದಾ? ಅದನ್ನು ಯೋಚಿಸಬೇಕಾದವರು ಸಿರಿಂಜ್ ಹಿಡಿದು ಮಂಚದ ಪಕ್ಕ ನಿಂತ ನಾವು. ಇನ್ಸುಲಿನ್ ಕೊಡುವಾಗಲಂತೂ ಇದನ್ನು ಬಿಡುವ ಹಾಗೇ ಇಲ್ಲ.

ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಉಬ್ಬಸ ಜಾಸ್ತಿಯಾಗಿ ಅಡ್ಮಿಟ್ ಆಗಿದ್ದಾರೆ ಅಂದುಕೊಳ್ಳಿ. ಟೈಪ್ 2 ಶುಗರ್ ಇದೆ. ಬೆಳಿಗ್ಗೆ ತಿಂಡಿಗೆ ಮುಂಚೆ ರೆಗ್ಯುಲರ್ ಇನ್ಸುಲಿನ್ 10 ಯೂನಿಟ್ ಅಂತ ಚಾರ್ಟಿನಲ್ಲಿದೆ. ಈಗಿನ ಜಿಆರ್‌ಬಿಎಸ್ (ಬೆರಳು ಚುಚ್ಚಿ ನೋಡುವ ಶುಗರ್) 104. ಚೆನ್ನಾಗೇ ಇದೆ ಅನಿಸುತ್ತದೆ, ಅಲ್ವಾ? ಹಿಂದಿನ ಪುಟ ನೋಡಿ. ನಿನ್ನೆ ಬೆಳಿಗ್ಗೆ 236, ರಾತ್ರಿ 158. ಶುಗರ್ ಇಳಿಯುತ್ತಾ ಬಂದಿದೆ. ಕಾರಣವೂ ಅದೇ ಫೈಲಿನಲ್ಲಿದೆ. ಮೊನ್ನೆವರೆಗೆ ಸ್ಟೀರಾಯ್ಡ್ ಇತ್ತು. ಅದು ಶುಗರ್ ಏರಿಸಿತ್ತು, ಏರಿದ ಶುಗರ್ ನೋಡಿಯೇ 10 ಯೂನಿಟ್ ಬರೆದಿದ್ದರು. ಈಗ ಸ್ಟೀರಾಯ್ಡ್ ನಿಂತಿದೆ, ಇನ್ಸುಲಿನ್ ಮಾತ್ರ ಹಾಗೇ ಉಳಿದಿದೆ. ಜೊತೆಗೆ ಕ್ರಿಯಾಟಿನಿನ್ (ಕಿಡ್ನಿ ಸೋತರೆ ರಕ್ತದಲ್ಲಿ ಏರುವ ಅಂಶ) 1.2 ಇದ್ದದ್ದು 2.1 ಆಗಿದೆ. ಕಿಡ್ನಿ ಸೋತಾಗ ಇನ್ಸುಲಿನ್ ಬೇಗ ಹೊರಹೋಗುವುದಿಲ್ಲ, ಅದರ ಕೆಲಸ ಜಾಸ್ತಿ ಹೊತ್ತು ನಡೆಯುತ್ತದೆ.

ಇನ್ನು ಊಟ. "ರಾತ್ರಿ ಊಟ ಆಯ್ತಾ ಅಜ್ಜಿ?" ಅಂದರೆ ಬಹಳ ಮಂದಿ "ಆಯ್ತಮ್ಮ" ಅಂತಲೇ ಹೇಳುತ್ತಾರೆ. ನಮಗೆ ಬೇಸರ ಆಗಬಾರದು ಅಂತ. "ನಿನ್ನೆ ರಾತ್ರಿ ಏನು ತಿಂದ್ರಿ? ಹೊಟ್ಟೆಯಲ್ಲಿ ನಿಂತಿತಾ?" ಅಂತ ಕೇಳಿ. ಎರಡು ತುತ್ತು ತಿಂದು ವಾಂತಿ ಮಾಡಿಕೊಂಡದ್ದು ಆಗ ಹೊರಗೆ ಬರುತ್ತದೆ.

ರೆಗ್ಯುಲರ್ ಇನ್ಸುಲಿನ್ ಅರ್ಧ ಗಂಟೆಗೆ ಕೆಲಸ ಶುರು ಮಾಡಿ, ಎರಡರಿಂದ ನಾಲ್ಕು ಗಂಟೆಯೊಳಗೆ ಜೋರಾಗುತ್ತದೆ. ಏಳೂವರೆಗೆ ಕೊಟ್ಟರೆ ಹತ್ತರ ಸುಮಾರಿಗೆ ಈ ಅಜ್ಜಿಯ ಶುಗರ್ ಕುಸಿಯಬಹುದು. ಆ ಹೊತ್ತಿಗೆ ವಾರ್ಡಿನಲ್ಲಿ ರೌಂಡ್ಸು, ಡಿಸ್ಚಾರ್ಜು. ಬಿಪಿಗೆ ಬೀಟಾ ಬ್ಲಾಕರ್ ತಗೊಳ್ಳುತ್ತಿದ್ದರೆ ಕೈ ನಡುಕ, ಎದೆಬಡಿತ ಸರಿಯಾಗಿ ಕಾಣಿಸುವುದೂ ಇಲ್ಲ. ಬೆವರು ಕಾಣುತ್ತದೆ, ಅದನ್ನು ಸೆಕೆ ಅಂದುಕೊಂಡರೆ ಅಷ್ಟೇ.

ಹಾಗಾಗಿ ಸಿರಿಂಜ್ ತುಂಬುವ ಮೊದಲು ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಬೇಕು. "ಶುಗರ್ ಸ್ವಲ್ಪ ಕಮ್ಮಿ ಇದೆ, ಕೊಡಲಾ?" ಅಂತ ಕೇಳಿದರೆ "ಕೊಡಿ" ಅಂದುಬಿಡಬಹುದು. ಹೀಗೆ ಹೇಳಿ: "ಡಾಕ್ಟ್ರೇ, ಶುಗರ್ ನಿನ್ನೆ 236 ಇತ್ತು, ಈಗ 104. ಸ್ಟೀರಾಯ್ಡ್ ಮೊನ್ನೆ ನಿಂತಿದೆ. ಕ್ರಿಯಾಟಿನಿನ್ 2.1. ರಾತ್ರಿ ವಾಂತಿ ಆಗಿದೆ, ಊಟ ಹೋಗಿಲ್ಲ. ಬೆಳಗಿನ ಡೋಸ್ ಬದಲಿಸಬೇಕಾ?"

ಹಾಗಂತ ಶುಗರ್ ಕಮ್ಮಿ ಅನಿಸಿದಾಗೆಲ್ಲ ಇನ್ಸುಲಿನ್ ತಪ್ಪಿಸುವುದೂ ಅಪಾಯವೇ. ಟೈಪ್ 1 ಇರುವವರು (ದೇಹದಲ್ಲೇ ಇನ್ಸುಲಿನ್ ತಯಾರಾಗದವರು) ಊಟ ಬಿಟ್ಟರೂ ಅವರ ಬೇಸಲ್ ಇನ್ಸುಲಿನ್, ಅಂದರೆ ಊಟ ಇರಲಿ ಬಿಡಲಿ ದಿನವಿಡೀ ಬೇಕಾದದ್ದು, ನಿಲ್ಲಬಾರದು. ನಿಂತರೆ ರಕ್ತದಲ್ಲಿ ಕೀಟೋನ್ ಅನ್ನುವ ಆಮ್ಲ ಏರಿ ಪ್ರಾಣಕ್ಕೇ ಬರುತ್ತದೆ. ಆಪರೇಷನ್‌ಗೆ ಎನ್‌ಪಿಒ (ಬಾಯಿಗೆ ಏನೂ ಕೊಡಬಾರದು ಅಂತ) ಇದ್ದಾಗ ಈ ಗೊಂದಲ ಜಾಸ್ತಿ. ಎಷ್ಟು ಕೊಡಬೇಕು ಅಂತ ಹಿಂದಿನ ದಿನವೇ ಕೇಳಿ ಬರೆಸಿಕೊಳ್ಳಿ.

ಸಿರಿಂಜಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ದೇಶದಲ್ಲಿ ಹೆಚ್ಚಾಗಿ ಎರಡು ಬಗೆಯ ಇನ್ಸುಲಿನ್ ಸಿಗುತ್ತದೆ. ಒಂದರಲ್ಲಿ ಪ್ರತಿ ಎಂಎಲ್‌ಗೆ 40 ಯೂನಿಟ್, ಇನ್ನೊಂದರಲ್ಲಿ 100. ಸಿರಿಂಜೂ ಎರಡು ಬಗೆ. ಸಾಮಾನ್ಯವಾಗಿ 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಬಣ್ಣದ್ದು. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 10ರ ಗೆರೆವರೆಗೆ ಎಳೆದರೆ ಒಳಗೆ ಹೋಗುವುದು 25 ಯೂನಿಟ್. ಅದಲುಬದಲಾದರೆ ಬರೀ 4. ಪೆನ್ನಿನ ಕಾರ್ಟ್ರಿಜ್ ಸಾಮಾನ್ಯವಾಗಿ 100ರದ್ದು. ಪೆನ್ ಕೆಟ್ಟಿದೆ ಅಂತ ಅದರಿಂದ ಕೆಂಪು ಮುಚ್ಚಳದ ಸಿರಿಂಜಿಗೆ ಎಳೆಯುವುದು ಈ ಕಾರಣಕ್ಕೇ ಭಯಂಕರ. ಇನ್ನೊಬ್ಬ ಸಿಸ್ಟರ್ ಚೆಕ್ ಮಾಡುವಾಗ "10 ತುಂಬಿದೀನಿ, ಸರಿ ಇದೆಯಾ?" ಅನ್ನಬೇಡಿ. ಚಾರ್ಟು, ವಯಲ್ಲು (ಇನ್ಸುಲಿನ್ ಸೀಸೆ), ಸಿರಿಂಜು ಮೂರನ್ನೂ ಅವರ ಕೈಗೆ ಕೊಡಿ. ಅವರೇ ಓದಿ ಹೇಳಲಿ.

ಬರೆಯುವಾಗ ಯೂನಿಟ್ ಅಂತ ಪೂರ್ತಿ ಬರೆಯಿರಿ. ಇಂಗ್ಲಿಷಿನ ಯು ಒಂದನ್ನೇ ಬರೆದರೆ ಅದು ಸೊನ್ನೆಯ ಹಾಗೆ ಕಂಡು 4 ಯೂನಿಟ್ 40 ಆಗುತ್ತದೆ. ಗ್ಲಾರ್ಜಿನ್ (ದಿನವಿಡೀ ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್) ಕೂಡ ರೆಗ್ಯುಲರ್ ಥರ ತಿಳಿಯಾಗಿಯೇ ಇರುತ್ತದೆ, ಬಣ್ಣ ನೋಡಿ ಗುರುತಿಸುವ ಅಭ್ಯಾಸ ಬೇಡ.

ಇಷ್ಟಾದರೂ ಶುಗರ್ 70ಕ್ಕಿಂತ ಕೆಳಗೆ ಬಂದರೆ, ಎಚ್ಚರವಿದ್ದು ನುಂಗಲು ಆಗುವವರಿಗೆ 15 ಗ್ರಾಂ ಗ್ಲೂಕೋಸ್ ನೀರಲ್ಲಿ ಕಲಸಿ ಕೊಟ್ಟು, 15 ನಿಮಿಷಕ್ಕೆ ಮತ್ತೆ ಶುಗರ್ ನೋಡಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ. ತಕ್ಷಣ ಡಾಕ್ಟರನ್ನು ಕರೆಸಿ, ಡೆಕ್ಸ್‌ಟ್ರೋಸ್ (ಗ್ಲೂಕೋಸ್ ದ್ರಾವಣ) ರಕ್ತನಾಳಕ್ಕೇ ಹೋಗಬೇಕು.

ರೋಗಿಯ ಮನೆಯವರಿಗೂ ಒಂದು ಮಾತು. ನಾವು ಇನ್ಸುಲಿನ್ ಕೊಡಲು ಬಂದಾಗ, ರೋಗಿ ಎಷ್ಟು ತಿಂದರು, ಏನು ಬಿಟ್ಟರು, ಏಕಾದಶಿ ಅಂತ ಉಪವಾಸ ಇದ್ದಾರಾ, ನಾವು ಕೇಳದಿದ್ದರೂ ಹೇಳಿ. ಡೋಸ್ ಬದಲಾದ ದಿನ ನಮ್ಮ ಹ್ಯಾಂಡೋವರ್‌ನಲ್ಲೂ ಸುಮ್ನೆ "ಶುಗರ್ ನಾರ್ಮಲ್" ಅಂತ ಬರೆದರೆ ಸಾಲದು. ಎಷ್ಟಿದ್ದ ಡೋಸ್ ಎಷ್ಟಾಯಿತು, ಯಾಕೆ, ಯಾರು ಹೇಳಿದರು, ಮುಂದಿನ ಜಿಆರ್‌ಬಿಎಸ್ ಎಷ್ಟು ಗಂಟೆಗೆ ಅನ್ನೋದು ಮುಂದಿನ ಶಿಫ್ಟಿನವರ ಕಣ್ಣಿಗೆ ಬೀಳುವ ಹಾಗೆ ಇರಬೇಕು.