ಮಾತ್ರೆ ಕೆಲ್ಸ ನಿಲ್ಲಿಸಿದ್ರೆ ಇನ್ನೊಂದ್ಸಲ ಬಯಾಪ್ಸಿ ಯಾಕೆ?

"ಒಂದಿನಾನೂ ಮಾತ್ರೆ ತಪ್ಪಿಸಿಲ್ಲ ಡಾಕ್ಟ್ರೇ, ಆದ್ರೂ ಕ್ಯಾನ್ಸರ್ ಗಡ್ಡೆ ಮತ್ತೆ ಬೆಳೆದಿದೆ ಅಂತಿದೆಯಲ್ಲ?" ಸ್ಕ್ಯಾನ್ ರಿಪೋರ್ಟ್ ಹಿಡ್ಕೊಂಡು ಬರೋರು ಕೇಳೋ ಮೊದಲ್ನೇ ಮಾತು ಇದೇ. ನಿಮ್ಮಿಂದ ಏನೂ ತಪ್ಪಾಗಿಲ್ಲ ಅಂತ ಮೊದ್ಲು ಹೇಳ್ಬಿಡ್ತೀನಿ. ದೇಹ ಮಾತ್ರೆಗೆ ಒಗ್ಗಿಹೋಗಿದೆ ಅಂತ ಬಹಳ ಜನ ಅಂದ್ಕೊಳ್ತಾರೆ, ಆದ್ರೆ ಬದಲಾಗಿರೋದು ದೇಹ ಅಲ್ಲ, ಗಡ್ಡೆ.

ಇಜಿಎಫ್‌ಆರ್ ಮ್ಯುಟೇಶನ್ (ಜೀನಿನಲ್ಲಿ ಆಗೋ ಬದಲಾವಣೆ) ಇರೋ ಶ್ವಾಸಕೋಶದ ಕ್ಯಾನ್ಸರನ್ನೇ ತಗೊಳ್ಳಿ. ಇಜಿಎಫ್‌ಆರ್ ಅಂದ್ರೆ ಜೀವಕೋಶಕ್ಕೆ "ಬೆಳಿ" ಅಂತ ಹೇಳೋ ಪ್ರೋಟೀನ್, ಮ್ಯುಟೇಶನ್ ಆದಾಗ ಆಫ್ ಆಗದೇ ಇರೋ ಸ್ವಿಚ್ ಥರ ಆಗೋಗುತ್ತೆ. ಜೆಫಿಟಿನಿಬ್, ಎರ್ಲೋಟಿನಿಬ್ ಅನ್ನೋ ಮಾತ್ರೆಗಳು ಆ ಪ್ರೋಟೀನಿನ ಒಂದು ಸಂದಿಯಲ್ಲಿ ಕೂತು ಅದನ್ನ ಆಫ್ ಮಾಡ್ತವೆ. ಆದ್ರೆ ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸಿನಲ್ಲಿ ಗಡ್ಡೆ ಮತ್ತೆ ತಲೆ ಎತ್ತುತ್ತೆ, ಅದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಲ್ಲಿ ಕಾಣೋದು ಟಿ790ಎಂ ಅನ್ನೋ ಹೊಸ ಮ್ಯುಟೇಶನ್, ಅಂದ್ರೆ ಪ್ರೋಟೀನಿನ 790ನೇ ಜಾಗದಲ್ಲಿ ಒಂದೇ ಒಂದು ಅಮೈನೋ ಆಸಿಡ್ (ಪ್ರೋಟೀನ್ ಕಟ್ಟೋ ಇಟ್ಟಿಗೆ) ಬದಲಾಗಿರುತ್ತೆ, ಅಷ್ಟಕ್ಕೇ ಔಷಧಿಗೆ ಹಿಡಿತ ಸಿಗಲ್ಲ.

ಇದಕ್ಕೇ ಅಂತ ಬಂದಿದ್ದು ಓಸಿಮರ್ಟಿನಿಬ್, 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು. ಆಮೇಲೆ ಇದನ್ನೇ ಮೊದಲ್ನೇ ಔಷಧಿಯಾಗಿ ಕೊಟ್ಟು ನೋಡಿದ ದೊಡ್ಡ ಟ್ರಯಲ್‌ನಲ್ಲಿ ಕಾಯಿಲೆ ಹತೋಟಿಯಲ್ಲಿದ್ದ ಮೀಡಿಯನ್ (ಅಂದ್ರೆ ಸಾಲಿನ ನಡುವಿನ ರೋಗಿಯ) ಅವಧಿ 18.9 ತಿಂಗಳು, ಹಳೇ ಮಾತ್ರೆಗಳಲ್ಲಿ 10.2. ದೊಡ್ಡ ಹೆಜ್ಜೆ, ಆದ್ರೆ ಗಡ್ಡೆ ಇದಕ್ಕೂ ದಾರಿ ಹುಡುಕಿಕೊಳ್ತು. ಈ ಔಷಧಿ ಅಂಟಿಕೊಳ್ಳೋದೇ 797ನೇ ಜಾಗದಲ್ಲಿರೋ ಸಿಸ್ಟೀನ್ ಅನ್ನೋ ಅಮೈನೋ ಆಸಿಡ್‌ಗೆ, ಅದು ಬದಲಾಗಿ ಸೆರೀನ್ ಅನ್ನೋ ಇನ್ನೊಂದು ಆದ್ರೆ ಅಂಟೋಕೆ ಜಾಗಾನೇ ಇಲ್ಲ. ಇನ್ನು ಕೆಲವರಲ್ಲಿ ಇಜಿಎಫ್‌ಆರ್ ಆಫ್ ಆಗೇ ಇರುತ್ತೆ, ಆದ್ರೆ ಮೆಟ್ ಅನ್ನೋ ಬೇರೆ ಜೀನಿನ ಕಾಪಿಗಳು ಹೆಚ್ಚಾಗಿ ಅದೇ ಸಿಗ್ನಲ್ ಪಕ್ಕದ ದಾರಿಯಿಂದ ಒಳಗೆ ಹೋಗ್ತಿರುತ್ತೆ.

ನನ್ನ ಮಟ್ಟಿಗೆ ಅತ್ಯಂತ ಕಷ್ಟದ್ದು ಅಂದ್ರೆ ಗಡ್ಡೆ ಸ್ಮಾಲ್ ಸೆಲ್ ಅನ್ನೋ ಬೇರೆ ಥರದ ಶ್ವಾಸಕೋಶದ ಕ್ಯಾನ್ಸರ್ ಆಗಿ ಬದಲಾಗೋದು. ಸ್ವಲ್ಪ ಜನರಲ್ಲೇ ಆಗುತ್ತೆ, ಆದ್ರೆ ಆದಾಗ ಕಾಯಿಲೆ ಬೇಗ ಓಡುತ್ತೆ. ಹಳೇ ಮ್ಯುಟೇಶನ್ ಅಲ್ಲೇ ಇರುತ್ತೆ, ಜೀವಕೋಶದ ಜಾತಿಯೇ ಬೇರೆ ಆಗಿರುತ್ತೆ, ಅದಕ್ಕೆ ಕೊಡಬೇಕಾದ್ದು ಪ್ಲಾಟಿನಂ ಇರೋ ಔಷಧಿ ಜೊತೆ ಎಟೊಪೊಸೈಡ್ ಅನ್ನೋ ಔಷಧಿ ಸೇರಿಸಿದ ಕೀಮೋ.

ಇಲ್ಲೇ ಎರಡನೇ ಬಯಾಪ್ಸಿ ಮಾತು ಬರೋದು. "ಮೊದ್ಲೇ ಸೂಜಿ ಹಾಕಿ ತೆಗೆದಿದ್ರಲ್ಲ, ಮತ್ತೆ ಯಾಕೆ" ಅಂತಾರೆ, ಅವರ ಸಂಕಟ ಅರ್ಥ ಆಗುತ್ತೆ. ರಕ್ತದಲ್ಲಿ ಓಡಾಡೋ ಗಡ್ಡೆಯ ಡಿಎನ್‌ಎ ನೋಡೋ ಟೆಸ್ಟ್ ಇದೆ, ಹೊಸ ಮ್ಯುಟೇಶನ್ ಸಿಕ್ಕಿದ್ರೆ ಅದೇ ದಾರಿ ತೋರಿಸುತ್ತೆ, ಆದ್ರೆ ರಕ್ತದಲ್ಲಿ ಸಿಗಲಿಲ್ಲ ಅಂದ್ರೆ ಗಡ್ಡೆಯಲ್ಲೂ ಇಲ್ಲ ಅಂತಲ್ಲ, ಮತ್ತೆ ಸ್ಮಾಲ್ ಸೆಲ್ ಆಗಿದೆಯಾ ಅಂತ ಖಚಿತವಾಗಿ ಹೇಳೋಕೆ ತುಣುಕನ್ನ ಮೈಕ್ರೋಸ್ಕೋಪ್ ಕೆಳಗೆ ಇಟ್ಟು ನೋಡ್ಲೇಬೇಕು. ಕಾರಣ ಗೊತ್ತಿಲ್ದೆ ಔಷಧಿ ಬದಲಾಯಿಸೋದು ನಂಗೆ ಇಷ್ಟ ಇಲ್ಲ.

ಎಲ್ಲರಿಗೂ ಬದಲಾಯಿಸಲೇಬೇಕು ಅಂತಾನೂ ಇಲ್ಲ. ಒಂದೆರಡು ಕಡೆ ಮಾತ್ರ ಬೆಳೆದಿದ್ದು ಉಳಿದದ್ದೆಲ್ಲ ಹತೋಟಿಯಲ್ಲಿದ್ರೆ ಅಷ್ಟಕ್ಕೇ ರೇಡಿಯೇಶನ್ ಕೊಟ್ಟು ಅದೇ ಮಾತ್ರೆ ಮುಂದುವರಿಸ್ತೀವಿ. ಹಾಗಾಗಿ ರಿಪೋರ್ಟ್ ನೋಡಿ ಬೇಜಾರಾಗಿ ಮಾತ್ರೆ ನೀವಾಗೇ ನಿಲ್ಲಿಸ್ಬೇಡಿ ದಯವಿಟ್ಟು, ಔಷಧಿಗೆ ಇನ್ನೂ ಬಗ್ಗುತ್ತಿರೋ ಜೀವಕೋಶಗಳು ಒಳಗೆ ಇದ್ದೇ ಇರ್ತವೆ, ನಿಲ್ಲಿಸಿದ ಕೂಡ್ಲೇ ಕೆಲವರಲ್ಲಿ ಅವು ಒಂದೆರಡು ವಾರದಲ್ಲೇ ಜೋರಾಗಿ ಬೆಳೆದುಬಿಡ್ತವೆ.