ಮುಚ್ಚಳಕ್ಕೆ ಬೀಗ ಬಿದ್ದದ್ದು ಹೇಗೆ: ರಿಪೇರಿ, ಬಾಳಿಕೆ ಮತ್ತು ಇ-ತ್ಯಾಜ್ಯದ ನೂರು ವರ್ಷ

ಹಳೇ ರೇಡಿಯೊ, ಟಿವಿಗಳ ಹಿಂದಿನ ಮುಚ್ಚಳ ಬಿಚ್ಚಿದರೆ ಎಷ್ಟೋ ಸೆಟ್‌ಗಳ ಒಳಗೆ ಒಂದು ಹಾಳೆ ಅಂಟಿಸಿರುತ್ತಿತ್ತು. ಯಾವ ವಾಲ್ವ್ ಎಲ್ಲಿ ಕೂರಬೇಕು, ಯಾವ ತಂತಿ ಎಲ್ಲಿಗೆ ಹೋಗುತ್ತದೆ ಅಂತ ತೋರಿಸುವ ಸರ್ಕ್ಯೂಟ್ ನಕ್ಷೆ. ಸೆಟ್ ಇವತ್ತಲ್ಲ ನಾಳೆ ಕೆಡುತ್ತದೆ, ಕೆಟ್ಟಾಗ ಯಾರೋ ಒಬ್ಬರು ಬಿಚ್ಚುತ್ತಾರೆ, ಅವರಿಗೆ ಅನುಕೂಲ ಆಗಲಿ ಅಂತ ತಯಾರಿಸಿದವರೇ ಅದನ್ನು ಅಂಟಿಸಿ ಕಳಿಸುತ್ತಿದ್ದರು. ಮೊದಮೊದಲ ಪರ್ಸನಲ್ ಕಂಪ್ಯೂಟರ್‌ಗಳೂ ಹೀಗೇ ಇದ್ದವು. 1977ರಲ್ಲಿ ಬಂದ ಆಪಲ್ 2ರ ಮುಚ್ಚಳವನ್ನು ಸ್ಕ್ರೂಡ್ರೈವರ್ ಇಲ್ಲದೆ ಕೈಯಲ್ಲೇ ಎತ್ತಬಹುದಿತ್ತು, ಅದರ ಕೈಪಿಡಿಯಲ್ಲಿ ಪೂರ್ತಿ ಸರ್ಕ್ಯೂಟ್ ನಕ್ಷೆ ಇತ್ತು. 1981ರಲ್ಲಿ ಐಬಿಎಂ ತನ್ನ ಪಿಸಿ ತಂದಾಗ ನಕ್ಷೆಯ ಜೊತೆಗೆ, ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ಬಯೋಸ್ ಅನ್ನುವ ಪ್ರೋಗ್ರಾಮಿನ ಕೋಡನ್ನೂ ಅಚ್ಚು ಹಾಕಿಸಿ ಪುಸ್ತಕವಾಗಿ ಮಾರಿತು.

ಅಲ್ಲಿಂದ ಇಲ್ಲಿಗೆ, ಬ್ಯಾಟರಿ ಬದಲಾಯಿಸೋಕೂ ಬಿಸಿಗಾಳಿಯ ಗನ್ ಬೇಕಾಗುವ ಫೋನಿನವರೆಗೆ, ನಾವು ಹೇಗೆ ಬಂದೆವು? ಈಗಿನ ಸಾಧನಗಳು ತುಂಬಾ ಜಟಿಲ, ಅದಕ್ಕೇ ರಿಪೇರಿ ಆಗಲ್ಲ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಅದು ಅರ್ಧ ಸತ್ಯ. ಇನ್ನರ್ಧ ಏನಂದರೆ, ರಿಪೇರಿಯ ಬಾಗಿಲನ್ನು ಬೇರೆಬೇರೆ ಕಾಲದಲ್ಲಿ ಬೇರೆಬೇರೆ ಜನ ಕೂತು ತೀರ್ಮಾನ ಮಾಡಿಯೇ ಮುಚ್ಚಿದ್ದಾರೆ. ಇ-ತ್ಯಾಜ್ಯದ ಬಗ್ಗೆ ಮಾತಾಡುವಾಗ ಈ ಇತಿಹಾಸ ಗೊತ್ತಿರೋದು ಮುಖ್ಯ ಅಂತ ನನಗೆ ಅನಿಸುತ್ತದೆ. ತೀರ್ಮಾನ ಮಾಡಿ ಮುಚ್ಚಿದ್ದನ್ನು ತೀರ್ಮಾನ ಮಾಡಿ ತೆರೆಯಲೂಬಹುದು, ಅಲ್ವಾ?

ಈ ಕಥೆ ಶುರುವಾಗೋದು ಬಲ್ಬಿನಿಂದ. 1924ರ ಡಿಸೆಂಬರ್‌ನಲ್ಲಿ ಒಸ್ರಾಮ್, ಫಿಲಿಪ್ಸ್ ಮತ್ತಿತರ ದೊಡ್ಡ ಬಲ್ಬ್ ಕಂಪನಿಗಳು ಜಿನೀವಾದಲ್ಲಿ ಸೇರಿ ಒಂದು ಕೂಟ ಕಟ್ಟಿಕೊಂಡವು. ಫೀಬಸ್ ಕಾರ್ಟೆಲ್ ಅಂತ ಅದರ ಹೆಸರು. ಆಗ ಬಲ್ಬ್‌ಗಳು 1,500ರಿಂದ 2,000 ಗಂಟೆ ಉರಿಯುತ್ತಿದ್ದವು, ಕೂಟ ಅದನ್ನು 1,000 ಗಂಟೆಗೆ ಇಳಿಸಬೇಕು ಅಂತ ನಿಯಮ ಮಾಡಿತು. ಸುಮ್ನೆ ಮಾತಿನ ನಿಯಮ ಅಲ್ಲ. ಸದಸ್ಯ ಕಂಪನಿಗಳ ಬಲ್ಬ್‌ಗಳನ್ನು ತರಿಸಿ ಪರೀಕ್ಷೆ ಮಾಡುತ್ತಿದ್ದರು, ನಿಗದಿಗಿಂತ ಜಾಸ್ತಿ ಹೊತ್ತು ಉರಿದರೆ ಆ ಕಂಪನಿಗೆ ಸ್ವಿಸ್ ಫ್ರಾಂಕ್‌ಗಳಲ್ಲಿ ದಂಡ. ಎರಡನೇ ಮಹಾಯುದ್ಧ ಶುರುವಾಗುವವರೆಗೂ ಈ ಕೂಟ ನಡೆಯಿತು.

ಇಲ್ಲಿ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಬಲ್ಬಿನ ಫಿಲಮೆಂಟ್ ಕಡಿಮೆ ಬಿಸಿಯಾದರೆ ಜಾಸ್ತಿ ದಿನ ಬಾಳುತ್ತದೆ, ಆದರೆ ಬೆಳಕು ಮಂಕು, ಅಷ್ಟೇ ಬೆಳಕಿಗೆ ಕರೆಂಟೂ ಜಾಸ್ತಿ. ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ಅಗ್ನಿಶಾಮಕ ಠಾಣೆಯಲ್ಲಿ 1901ರಿಂದ ಉರಿಯುತ್ತಿರುವ ಒಂದು ಬಲ್ಬ್ ಇದೆ. ಹಳೇ ಕಾಲದಲ್ಲಿ ಎಷ್ಟು ಚೆನ್ನಾಗಿ ಮಾಡುತ್ತಿದ್ದರು ನೋಡಿ ಅಂತ ಎಲ್ಲರೂ ಅದನ್ನೇ ತೋರಿಸುತ್ತಾರೆ, ಆದರೆ ಅದು ಕೊಡುವ ಬೆಳಕು ಈಗ ನಾಲ್ಕು ವ್ಯಾಟ್ ಬಲ್ಬಿನಷ್ಟು ಮಾತ್ರ. ಹಾಗಾಗಿ 1,000 ಗಂಟೆ ಅನ್ನುವ ಸಂಖ್ಯೆಯ ಹಿಂದೆ ಒಂದಿಷ್ಟು ಎಂಜಿನಿಯರಿಂಗ್ ಕಾರಣವೂ ಇತ್ತು. ಆದರೆ ಎಂಜಿನಿಯರಿಂಗ್ ಕಾರಣ ಮಾತ್ರ ಇದ್ದಿದ್ದರೆ ಬಾಳಿಕೆ ಮತ್ತು ಬೆಳಕು ಎರಡನ್ನೂ ಡಬ್ಬಿಯ ಮೇಲೆ ಬರೆದು ಆಯ್ಕೆಯನ್ನು ಕೊಳ್ಳುವವರಿಗೆ ಬಿಡಬಹುದಿತ್ತು. ಚೆನ್ನಾಗಿ ಬಾಳುವ ಬಲ್ಬ್ ಮಾಡಿದವರಿಗೆ ದಂಡ ಹಾಕುವ ಅಗತ್ಯ ಇರಲಿಲ್ಲ. ಈ ವಾದ ಮುಂದೆ ಅಂಟು ಹಾಕಿದ ಫೋನಿನಲ್ಲೂ ಮತ್ತೆ ಬರುತ್ತದೆ, ಅದಕ್ಕೇ ಇಷ್ಟು ಬಿಡಿಸಿ ಹೇಳಿದೆ.

ಆಮೇಲಿನ ಕೆಲವು ದಶಕಗಳಲ್ಲಿ ಈ ಯೋಚನೆ ಬಹಿರಂಗವಾಗಿಯೇ ಬೆಳೆಯಿತು. ಆರ್ಥಿಕ ಮಹಾಕುಸಿತದ ಹೊತ್ತಿನಲ್ಲಿ, 1932ರಲ್ಲಿ, ಬರ್ನಾರ್ಡ್ ಲಂಡನ್ ಅನ್ನುವವರು ಒಂದು ಕಿರುಹೊತ್ತಗೆ ಬರೆದರು. ವಸ್ತುಗಳಿಗೆ ಸರ್ಕಾರವೇ ಆಯಸ್ಸು ನಿಗದಿ ಮಾಡಲಿ, ಅವಧಿ ಮುಗಿದ ಮೇಲೂ ಇಟ್ಟುಕೊಂಡವರಿಗೆ ತೆರಿಗೆ ಹಾಕಲಿ, ಆಗ ಕಾರ್ಖಾನೆಗಳಿಗೆ ಕೆಲಸ ಸಿಗುತ್ತದೆ ಅನ್ನೋದು ಅವರ ಸಲಹೆ. ಅದನ್ನು ಯಾರೂ ಕಾನೂನು ಮಾಡಲಿಲ್ಲ. ಮಾಡಬೇಕಾದ ಅಗತ್ಯವೂ ಬರಲಿಲ್ಲ, ಯಾಕಂದರೆ ಪ್ರತಿ ವರ್ಷ ಹೊಸ ಮಾಡೆಲ್ ತಂದು ಹಳೆಯದನ್ನು ಹಳತು ಅನ್ನಿಸುವ ವಿದ್ಯೆಯನ್ನು ಅಮೆರಿಕದ ಕಾರು ಕಂಪನಿಗಳು ಅಷ್ಟರಲ್ಲೇ ಕಲಿತಿದ್ದವು. 1954ರಲ್ಲಿ ಬ್ರೂಕ್ಸ್ ಸ್ಟೀವನ್ಸ್ ಅನ್ನುವ ವಿನ್ಯಾಸಕಾರ ಇದನ್ನೇ ತಮ್ಮ ವೃತ್ತಿಯ ಗುರಿ ಅಂತ ಭಾಷಣದಲ್ಲಿ ಹೆಮ್ಮೆಯಿಂದ ಹೇಳಿದರು. ಕೊಳ್ಳುವವರಿಗೆ ಇನ್ನೂ ಸ್ವಲ್ಪ ಹೊಸದು, ಇನ್ನೂ ಸ್ವಲ್ಪ ಚೆಂದದ್ದು, ಬೇಕಾಗುವುದಕ್ಕಿಂತ ಸ್ವಲ್ಪ ಮುಂಚೆಯೇ ಬೇಕು ಅನ್ನಿಸಬೇಕು ಅನ್ನೋದು ಅವರ ಮಾತಿನ ಸಾರ. ಆದರೂ ಒಂದು ವಿಷಯ ಗಮನಿಸಿ: ಆಗಿನ ಫ್ರಿಜ್, ಕಾರು, ರೇಡಿಯೊ ಯಾವುದನ್ನೂ ಬಿಚ್ಚದಂತೆ ಮಾಡಿರಲಿಲ್ಲ. ಹೊಸದರ ಆಸೆ ಹುಟ್ಟಿಸುತ್ತಿದ್ದರು, ಹಳೆಯದರ ಬಾಗಿಲು ಹಾಕಿರಲಿಲ್ಲ.

ಬಾಗಿಲು ಹಾಕಿದ್ದು ಎಲೆಕ್ಟ್ರಾನಿಕ್ಸ್ ಸಣ್ಣದಾದ ಮೇಲೆ. ಅದಕ್ಕಿಂತ ಮುಂಚಿನ ಕೊನೆಯ ಕಾಲ ಹೇಗಿತ್ತು ಅನ್ನೋದಕ್ಕೆ ಒಂದು ಉದಾಹರಣೆ ಹತ್ತಿರದಿಂದ ನೋಡೋಣ. 2000ದ ದಶಕದ ಮೊದಲ ವರ್ಷಗಳಲ್ಲಿ ಪ್ರಪಂಚದಾದ್ಯಂತ ಕಂಪ್ಯೂಟರ್ ಮದರ್‌ಬೋರ್ಡ್‌ಗಳು, ಪವರ್ ಸಪ್ಲೈಗಳು ಗುಂಪುಗುಂಪಾಗಿ ಕೆಟ್ಟವು. ಕಾರಣ ವಿದ್ಯುತ್ತನ್ನು ಸ್ವಲ್ಪ ಹೊತ್ತು ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಅನ್ನುವ ಪುಟ್ಟ ಭಾಗ, ಬೆರಳ ತುದಿಯಷ್ಟು ಗಾತ್ರದ ಅಲ್ಯೂಮಿನಿಯಂ ಡಬ್ಬಿ. ಒಳಗಿನ ದ್ರಾವಣ ಸರಿಯಿಲ್ಲದೆ ಅನಿಲ ತುಂಬಿಕೊಳ್ಳುತ್ತಿತ್ತು. ಚೆನ್ನಾಗಿರುವ ಕೆಪಾಸಿಟರ್‌ನ ನೆತ್ತಿ ಚಪ್ಪಟೆಯಾಗಿರುತ್ತದೆ, ಅದರ ಮೇಲೆ ಕೂಡಿಸುವ ಚಿಹ್ನೆಯ ಹಾಗೆ ಗೀರು ಇರುತ್ತದೆ. ಕೆಟ್ಟದ್ದು ಆ ಗೀರಿನ ಹತ್ತಿರ ಉಬ್ಬಿಕೊಂಡು, ಕಂದು ಬಣ್ಣದ ಒಣಗಿದ ಕಲೆ ಸೋರಿಸಿಕೊಂಡು ನಿಂತಿರುತ್ತದೆ. ಕಣ್ಣಿಗೇ ಕಾಣುತ್ತದೆ, ಮೀಟರ್ ಕೂಡ ಬೇಡ. ಸೋಲ್ಡರಿಂಗ್ ಕಡ್ಡಿಯಿಂದ ಹಳೆಯದರ ಎರಡು ಕಾಲು ಬಿಡಿಸಿ, ಅಷ್ಟೇ ಮೈಕ್ರೋಫ್ಯಾರಡ್‌ನ (ಕೆಪಾಸಿಟರ್‌ನ ಸಾಮರ್ಥ್ಯದ ಅಳತೆ), ಅಷ್ಟೇ ಅಥವಾ ಸ್ವಲ್ಪ ಜಾಸ್ತಿ ವೋಲ್ಟೇಜ್ ತಡೆಯುವ ಹೊಸದನ್ನು ಪ್ಲಸ್ ಮೈನಸ್ ನೋಡಿಕೊಂಡು ಕೂರಿಸಿದರೆ ಸತ್ತ ಬೋರ್ಡ್ ಎದ್ದು ಕೂರುತ್ತಿತ್ತು. ಲೆಕ್ಕವಿಲ್ಲದಷ್ಟು ಜನ ಹೀಗೆ ಮಾಡಿಕೊಂಡರು. ಅದೇ ಬೋರ್ಡನ್ನು ಪೂರ್ತಿ ಎಸೆದವರು ಇನ್ನೂ ಜಾಸ್ತಿ. ಒಂದು ಸಣ್ಣ ಡಬ್ಬಿ ಕೆಟ್ಟಿದ್ದಕ್ಕೆ ಪ್ರೊಸೆಸರ್, ಮೆಮೊರಿ, ತಾಮ್ರ, ಚಿನ್ನದ ಲೇಪನ ಎಲ್ಲವೂ ಕಸಕ್ಕೆ. ಇ-ತ್ಯಾಜ್ಯದ ದೊಡ್ಡ ಪಾಲು ಹುಟ್ಟೋದು ಹೀಗೇ: ಹೆಚ್ಚಿನ ಭಾಗ ಚೆನ್ನಾಗಿರುತ್ತದೆ, ಒಂದು ಮಾತ್ರ ಕೆಟ್ಟಿರುತ್ತದೆ.

ಈಗ ಫೋನಿನ ಬ್ಯಾಟರಿಗೆ ಬನ್ನಿ. ಲಿಥಿಯಂ ಅಯಾನ್ ಬ್ಯಾಟರಿ ಸವೆಯುವ ವಸ್ತು. ಸುಮಾರು 500 ಸಲ ಪೂರ್ತಿ ಚಾರ್ಜ್ ಆಗಿ ಖಾಲಿಯಾದರೆ ಅದರ ಶಕ್ತಿ ನೂರಕ್ಕೆ ಎಂಬತ್ತರಷ್ಟಾಗುತ್ತದೆ ಅನ್ನೋದು ಬಹುಕಾಲ ಇದ್ದ ಅಂದಾಜು. ಸವೆಯುತ್ತದೆ ಅಂತ ಮಾಡಿದವರಿಗೆ ಖಚಿತವಾಗಿ ಗೊತ್ತಿರುವ ಭಾಗ ಇದು. ಅದನ್ನೇ ತೆಗೆಯಲಾಗದ ಹಾಗೆ ಒಳಗಿಟ್ಟರು. 2001ರ ಐಪಾಡ್‌ನಲ್ಲಿ ಬ್ಯಾಟರಿಗೆ ಬಾಗಿಲೇ ಇರಲಿಲ್ಲ. ಬಳಕೆದಾರರು ಕೋರ್ಟಿಗೆ ಹೋದರು, 2005ರಲ್ಲಿ ಕಂಪನಿ ರಾಜಿ ಮಾಡಿಕೊಂಡಿತು. ಆದರೆ 2007ರ ಐಫೋನ್‌ನಲ್ಲೂ ಅದೇ ವಿನ್ಯಾಸ ಬಂತು, ನೋಡನೋಡುತ್ತ ಉಳಿದ ಕಂಪನಿಗಳೂ ಅದೇ ದಾರಿ ಹಿಡಿದವು. 2010ರಲ್ಲಿ ಐಫೋನ್ 4 ಬಂದಾಗ ಕೆಳಗೆ ಮಾಮೂಲಿ ಸ್ಟಾರ್ ಸ್ಕ್ರೂ ಇತ್ತು, ಕೆಲವೇ ತಿಂಗಳಲ್ಲಿ ಆ ಜಾಗಕ್ಕೆ ಐದು ಎಸಳಿನ ಪೆಂಟಲೋಬ್ ಸ್ಕ್ರೂ ಬಂತು. ಅದನ್ನು ಬಿಚ್ಚುವ ಸ್ಕ್ರೂಡ್ರೈವರ್ ಆಗ ಮಾಮೂಲಿ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ಬೇರೆ ಸ್ಕ್ರೂ ಹಾಕಿದ್ದರಿಂದ ಫೋನ್ ತೆಳ್ಳಗಾಗಲಿಲ್ಲ, ಗಟ್ಟಿಯೂ ಆಗಲಿಲ್ಲ.

ಅಂಟಿನ ವಿಷಯದಲ್ಲಿ ಕಂಪನಿಗಳು ಕೊಡುವ ಉತ್ತರ ನೀರು. ಅಂಟು ಹಾಕಿದರೆ ನೀರು ಒಳಗೆ ಹೋಗಲ್ಲ, ಫೋನ್ ಜಾಸ್ತಿ ದಿನ ಬಾಳುತ್ತದೆ ಅಂತ. ಇದು ಸುಳ್ಳಲ್ಲ. ನೀರಿಗೆ ಬಿದ್ದು ಹಾಳಾಗದ ಫೋನ್ ಕೂಡ ಕಸ ಕಡಿಮೆ ಮಾಡುತ್ತದೆ. ಆದರೆ 2014ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್5ರಲ್ಲಿ ಉಗುರಲ್ಲಿ ತೆಗೆಯುವ ಹಿಂಬದಿ ಮುಚ್ಚಳ, ಬದಲಾಯಿಸುವ ಬ್ಯಾಟರಿ, ನೀರು ತಡೆಯುವ ಶಕ್ತಿ ಮೂರೂ ಇದ್ದವು. ಇನ್ನೊಂದು ಕಡೆಯಿಂದ, 2024ರಲ್ಲಿ ಐಫೋನ್ 16ರ ಬ್ಯಾಟರಿಗೆ ಹಾಕಿದ ಅಂಟೇ ಬೇರೆ ಥರ: 9 ವೋಲ್ಟ್ ಬ್ಯಾಟರಿಯ ತಂತಿ ಮುಟ್ಟಿಸಿ ಒಂದೆರಡು ನಿಮಿಷ ಕಾದರೆ ತಾನಾಗಿ ಬಿಟ್ಟುಕೊಳ್ಳುತ್ತದೆ. ಹಳೇ ಪದ್ಧತಿಯಲ್ಲಿ ಬಿಸಿ ಮಾಡಿ, ತೆಳ್ಳನೆಯ ಪ್ಲಾಸ್ಟಿಕ್ ತೂರಿಸಿ, ಮೆತ್ತನೆಯ ಬ್ಯಾಟರಿ ಚೀಲಕ್ಕೆ ತೂತು ಬೀಳದಂತೆ ಉಸಿರು ಬಿಗಿಹಿಡಿದು ಎಬ್ಬಿಸಬೇಕು. ತೂತು ಬಿದ್ದರೆ ಬೆಂಕಿ. ಎರಡಕ್ಕೂ ಅಂಟೇ ಬೇಕು, ಯೋಚನೆ ಮಾತ್ರ ಬೇರೆ.

ಅಷ್ಟರಲ್ಲಿ ಬೀಗ ಲೋಹದಿಂದ ಸಾಫ್ಟ್‌ವೇರ್‌ಗೆ ದಾಟಿತ್ತು. ಇದು ಎಲ್ಲಕ್ಕಿಂತ ಗಂಭೀರ ಅಂತ ನನ್ನ ಅಭಿಪ್ರಾಯ, ಯಾಕಂದರೆ ಸ್ಕ್ರೂಗೆ ಸ್ಕ್ರೂಡ್ರೈವರ್ ಸಿಗುತ್ತದೆ, ಇದಕ್ಕೆ ಸಿಗಲ್ಲ. 1998ರಲ್ಲಿ ಅಮೆರಿಕ ಡಿಜಿಟಲ್ ಹಾಡು, ಸಿನಿಮಾಗಳ ಕಳ್ಳನಕಲು ತಡೆಯಲು ಡಿಎಂಸಿಎ ಕಾನೂನು ತಂದಿತು, ಡಿಜಿಟಲ್ ಬೀಗ ಒಡೆಯುವುದೇ ಅಪರಾಧ ಅಂದಿತು. ಆ ಕಾನೂನು ಟ್ರ್ಯಾಕ್ಟರ್‌ವರೆಗೆ ಬಂತು. ಟ್ರ್ಯಾಕ್ಟರ್ ಒಳಗೆ ಕಂಪ್ಯೂಟರ್ ಇದೆ, ಅದಕ್ಕೆ ಬೀಗ ಇದೆ, ಕಂಪನಿಯ ಸಾಫ್ಟ್‌ವೇರ್ ಒಪ್ಪದೆ ಬಿಡಿಭಾಗ ಕೆಲಸ ಮಾಡಲ್ಲ. 2015ರಲ್ಲಿ ಜಾನ್ ಡಿಯರ್ ಕಂಪನಿ ಅಮೆರಿಕದ ಕಾಪಿರೈಟ್ ಕಚೇರಿಗೆ ಬರೆದ ಪತ್ರದಲ್ಲಿ, ಟ್ರ್ಯಾಕ್ಟರ್‌ನ ಸಾಫ್ಟ್‌ವೇರ್ ಮೇಲೆ ರೈತನಿಗಿರುವುದು ಅದನ್ನು ಬಳಸುವ ಪರವಾನಗಿ ಮಾತ್ರ ಅನ್ನುವ ವಾದ ಇತ್ತು. ಪೂರ್ತಿ ಹಣ ಕೊಟ್ಟು ಕೊಂಡ ಯಂತ್ರ, ಬೆಳೆ ಕೊಯ್ಲಿಗೆ ನಿಂತಿದೆ, ಆದರೆ ಡೀಲರ್ ಬಂದು ಲ್ಯಾಪ್‌ಟಾಪ್ ಚುಚ್ಚುವವರೆಗೆ ಹೊರಡಲ್ಲ. ಫೋನ್‌ಗಳಲ್ಲಿ ಇದೇ ಬಿಡಿಭಾಗಗಳ ಜೋಡಣೆಯಾಗಿ ಬಂತು. ಪರದೆಗೆ, ಕ್ಯಾಮೆರಾಗೆ ಒಂದೊಂದು ಸಂಖ್ಯೆ, ಆ ಸಂಖ್ಯೆ ಬೋರ್ಡಿನ ಜೊತೆ ತಾಳೆ ಆಗಬೇಕು. ಒಂದೇ ಮಾಡೆಲ್‌ನ ಇನ್ನೊಂದು ಫೋನಿನಿಂದ ಅಸಲಿ ಭಾಗವನ್ನೇ ತೆಗೆದು ಹಾಕಿದರೂ ಎಚ್ಚರಿಕೆ ಸಂದೇಶ ಬರುತ್ತಿತ್ತು, ಇಲ್ಲವೇ ಏನಾದರೊಂದು ಸೌಲಭ್ಯ ನಿಲ್ಲುತ್ತಿತ್ತು. ಹಳೇ ಫೋನ್ ಒಡೆದು ಬಿಡಿಭಾಗ ಬಳಸುವ ದಾರಿಯೇ ಇದರಿಂದ ಮುಚ್ಚುತ್ತಿತ್ತು. 2017ರ ಡಿಸೆಂಬರ್‌ನಲ್ಲಿ, ಹಳೇ ಬ್ಯಾಟರಿಯಿರುವ ಫೋನ್‌ಗಳನ್ನು ಅಪ್‌ಡೇಟ್ ಮೂಲಕ ನಿಧಾನ ಮಾಡಿದ್ದು ಹೌದು ಅಂತ ಆಪಲ್ ಒಪ್ಪಿಕೊಂಡಿತು. ಫೋನ್ ತಟ್ಟನೆ ಆಫ್ ಆಗಬಾರದು ಅಂತ ಹಾಗೆ ಮಾಡಿದೆವು ಅನ್ನೋದು ಅವರ ಕಾರಣ. ಕಾರಣ ಸರಿಯೇ ಇರಬಹುದು, ಆದರೆ ಬ್ಯಾಟರಿ ಬದಲಾಯಿಸಿದರೆ ಸಾಕು ಅಂತ ಯಾರಿಗೂ ಹೇಳಿರಲಿಲ್ಲ. 2020ರಲ್ಲಿ ಫ್ರಾನ್ಸ್ 2.5 ಕೋಟಿ ಯೂರೊ ದಂಡ ಹಾಕಿದ್ದು ಈ ಹೇಳದೇ ಇದ್ದದ್ದಕ್ಕೆ.

ಎಸೆದದ್ದೆಲ್ಲ ಎಲ್ಲಿಗೆ ಹೋಗುತ್ತದೆ? ಅಪಾಯಕಾರಿ ಕಸವನ್ನು ಬಡ ದೇಶಗಳಿಗೆ ಸಾಗಿಸೋದನ್ನು ಹತೋಟಿಗೆ ತರಲು 1989ರಲ್ಲೇ ಬಾಸೆಲ್ ಒಪ್ಪಂದ ಆಗಿತ್ತು. ಆದರೂ ಚೀನಾದ ಗುಯಿಯು, ಘಾನಾದ ಅಗ್ಬೊಗ್ಬ್ಲೊಶಿಯಲ್ಲಿ ಜನ ತಾಮ್ರಕ್ಕಾಗಿ ಬಯಲಲ್ಲಿ ವೈರು ಸುಟ್ಟರು, ಆ ಹೊಗೆಯನ್ನೇ ಉಸಿರಾಡಿದರು. ವಿಶ್ವಸಂಸ್ಥೆಯ ಲೆಕ್ಕದಲ್ಲಿ 2022ರಲ್ಲಿ ಪ್ರಪಂಚದಲ್ಲಿ ಹುಟ್ಟಿದ ಇ-ತ್ಯಾಜ್ಯ 6.2 ಕೋಟಿ ಟನ್. ಸರಿಯಾಗಿ ಸಂಗ್ರಹವಾಗಿ ಮರುಬಳಕೆಗೆ ಹೋಗಿದ್ದು ಅದರಲ್ಲಿ ಶೇ 22.3 ಮಾತ್ರ. ಮರುಬಳಕೆ ಹೆಚ್ಚಬೇಕು, ಸಂಶಯವಿಲ್ಲ. ಆದರೆ ಮರುಬಳಕೆ ಅಂದರೆ ಪುಡಿ ಮಾಡಿ ಕರಗಿಸೋದು. ತಾಮ್ರ, ಚಿನ್ನ ಸಿಗುತ್ತವೆ, ಅಪರೂಪದ ಲೋಹಗಳಲ್ಲಿ ಬಹುಪಾಲು ಕೈಗೆ ಬರಲ್ಲ. ಚಿಪ್ ಮಾಡಲು ಖರ್ಚಾದ ಕರೆಂಟು, ನೀರು ಅಂತೂ ವಾಪಸ್ ಬರೋದೇ ಇಲ್ಲ. ಒಂದು ಫೋನ್ ತನ್ನ ಆಯಸ್ಸಿನಲ್ಲಿ ಉಂಟುಮಾಡುವ ಇಂಗಾಲದ ಹೆಚ್ಚಿನ ಪಾಲು ಅದು ನಮ್ಮ ಕೈಗೆ ಬರುವ ಮುಂಚೆಯೇ ಹೊರಗೆ ಹೋಗಿರುತ್ತದೆ. ಅದಕ್ಕೇ ಎರಡು ವರ್ಷ ಜಾಸ್ತಿ ಬಳಸಿದ ಫೋನ್, ಚೆನ್ನಾಗಿ ಮರುಬಳಕೆಯಾದ ಫೋನಿಗಿಂತ ಮೇಲು.

ಇದಕ್ಕೆ ಎದುರಾಗಿ ನಿಂತವರ ಕಥೆಯೂ ದೊಡ್ಡದಿದೆ. 2003ರಲ್ಲಿ ಕ್ಯಾಲಿಫೋರ್ನಿಯಾದ ಇಬ್ಬರು ವಿದ್ಯಾರ್ಥಿಗಳು, ಕೈಲ್ ವೀನ್ಸ್ ಮತ್ತು ಲ್ಯೂಕ್ ಸೌಲ್ಸ್, ಕೆಟ್ಟ ಲ್ಯಾಪ್‌ಟಾಪಿಗೆ ಕೈಪಿಡಿ ಸಿಗಲಿಲ್ಲ ಅಂತ ಐಫಿಕ್ಸಿಟ್ ಶುರು ಮಾಡಿದರು. ಈಗ ಅಲ್ಲಿ ಸಾವಿರಾರು ಸಾಧನಗಳನ್ನು ಹಂತ ಹಂತವಾಗಿ ಬಿಚ್ಚುವ ಚಿತ್ರಗಳು ಉಚಿತವಾಗಿ ಸಿಗುತ್ತವೆ. 2009ರ ಅಕ್ಟೋಬರ್‌ನಲ್ಲಿ ಮಾರ್ಟಿನೆ ಪೊಸ್ಟ್ಮಾ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮೊದಲ ರಿಪೇರಿ ಕೆಫೆ ನಡೆಸಿದರು. ಕೆಟ್ಟದ್ದು ತನ್ನಿ, ಗೊತ್ತಿರುವವರ ಜೊತೆ ಕೂತು ಸರಿಮಾಡಿ ಅನ್ನೋದು ಅದರ ರೀತಿ, ಅದು ಬೇಗ ಎಷ್ಟೋ ದೇಶಗಳಿಗೆ ಹಬ್ಬಿತು. 2012ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಕಾರು ರಿಪೇರಿಯ ಮಾಹಿತಿ ಹೊರಗಿನ ಗ್ಯಾರೇಜ್‌ಗಳಿಗೂ ಸಿಗಬೇಕು ಅನ್ನುವ ಕಾನೂನಿಗೆ ಶೇ 86ರಷ್ಟು ಮತ ಬಿತ್ತು.

ತಯಾರಿಕೆಯಲ್ಲೂ ಪ್ರಯತ್ನ ನಡೆಯಿತು. ಗೂಗಲ್‌ನ ಪ್ರಾಜೆಕ್ಟ್ ಆರಾ, ಬಿಡಿಬಿಡಿ ತುಂಡು ಜೋಡಿಸುವ ಫೋನ್, 2016ರಲ್ಲಿ ನಿಂತುಹೋಯಿತು. ಆದರೆ ಎಲ್ಲವನ್ನೂ ಬದಲಾಯಿಸುವ ಆಟಿಕೆ ಬೇರೆ, ಕೆಡುವ ಭಾಗಗಳನ್ನು ಸುಲಭವಾಗಿ ಬದಲಾಯಿಸುವ ಫೋನ್ ಬೇರೆ. ಎರಡನೆಯದನ್ನು ಹಿಡಿದ ಫೇರ್‌ಫೋನ್ ಉಳಿಯಿತು. 2015ರ ಫೇರ್‌ಫೋನ್ 2ಕ್ಕೆ ಚಿಪ್ ಕಂಪನಿ ಬೆಂಬಲ ನಿಲ್ಲಿಸಿದ ಮೇಲೂ 2023ರವರೆಗೆ ಅಪ್‌ಡೇಟ್ ಕೊಟ್ಟರು. ಸಾಧನದ ಆಯಸ್ಸು ಸ್ಕ್ರೂಡ್ರೈವರ್ ಒಂದರಿಂದಲೇ ಹೆಚ್ಚಲ್ಲ ಅಂತ ಅಲ್ಲಿ ಗೊತ್ತಾಯಿತು. ಲ್ಯಾಪ್‌ಟಾಪ್‌ನಲ್ಲಿ 2021ರಿಂದ ಫ್ರೇಮ್‌ವರ್ಕ್ ಇದೇ ಕೆಲಸ ಮಾಡುತ್ತಿದೆ: ಹೊಸ ಪ್ರೊಸೆಸರ್ ಬೇಕಾದರೆ ಮದರ್‌ಬೋರ್ಡ್ ಮಾತ್ರ ಕೊಳ್ಳಿ, ಪರದೆ, ಕೀಬೋರ್ಡ್, ಮೈ ಎಲ್ಲ ಹಳೆಯದೇ ಇರಲಿ. ದೊಡ್ಡವರೂ ಅಲುಗಾಡಿದರು. ಗೂಗಲ್ 2023ರ ಪಿಕ್ಸೆಲ್ 8ಕ್ಕೆ, ಸ್ಯಾಮ್‌ಸಂಗ್ 2024ರ ಗ್ಯಾಲಕ್ಸಿ ಎಸ್24ಕ್ಕೆ ಏಳು ವರ್ಷ ಅಪ್‌ಡೇಟ್ ಕೊಡುವ ಮಾತು ಕೊಟ್ಟವು. ಇನ್ನೊಂದು ಕಡೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ಚೆನ್ನಾಗಿ ಓಡುವ, ಆದರೆ ವಿಂಡೋಸ್ 11ರ ಷರತ್ತಿಗೆ ಹೊಂದದ ಎಷ್ಟೋ ಕಂಪ್ಯೂಟರ್‌ಗಳಿಗೆ ವಿಂಡೋಸ್ ಬದಲು ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂ ಹಾಕಿಕೊಳ್ಳೋದು ಒಳ್ಳೆಯ ದಾರಿ, ಖಂಡಿತ ಪ್ರಯತ್ನಿಸಿ.

ಕಾನೂನಿನಲ್ಲಿ ಮೊದಲು ಗಟ್ಟಿಯಾಗಿ ಮಾತಾಡಿದ್ದು ಫ್ರಾನ್ಸ್. ಬೇಕಂತಲೇ ಬಾಳಿಕೆ ಕಡಿಮೆ ಮಾಡೋದನ್ನು 2015ರಲ್ಲಿ ಅಪರಾಧ ಅಂದಿತು. 2021ರಲ್ಲಿ ಫೋನ್, ಲ್ಯಾಪ್‌ಟಾಪ್, ಟಿವಿ ಮುಂತಾದವುಗಳ ಬೆಲೆಯ ಪಕ್ಕದಲ್ಲೇ ರಿಪೇರಿಗೆ ಹತ್ತಕ್ಕೆ ಎಷ್ಟು ಅಂಕ ಅಂತ ತೋರಿಸಬೇಕು ಅನ್ನುವ ನಿಯಮ ತಂದಿತು. ಅಮೆರಿಕದ ಒರೆಗಾನ್ ರಾಜ್ಯ 2024ರಲ್ಲಿ ಬಿಡಿಭಾಗಗಳ ಸಂಖ್ಯೆ ಜೋಡಣೆಯ ಬೀಗಕ್ಕೇ ತಡೆ ಹಾಕಿತು. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಹೊಸ ಫೋನಿನ ಬ್ಯಾಟರಿ 800 ಸಲ ಚಾರ್ಜ್ ಆದ ಮೇಲೂ ಶೇ 80ರಷ್ಟು ಶಕ್ತಿ ಉಳಿಸಿಕೊಳ್ಳಬೇಕು, ಮಾಡೆಲ್ ಮಾರಾಟ ನಿಂತ ಮೇಲೂ ಏಳು ವರ್ಷ ಬಿಡಿಭಾಗ ಸಿಗಬೇಕು, ಐದು ವರ್ಷ ಸಾಫ್ಟ್‌ವೇರ್ ಅಪ್‌ಡೇಟ್ ಬರಬೇಕು. 2027ರ ಫೆಬ್ರುವರಿ 18ರಿಂದ ಸಣ್ಣ ಸಾಧನಗಳ ಬ್ಯಾಟರಿಯನ್ನು ಬಳಸುವವರೇ ತೆಗೆದು ಹಾಕುವಂತಿರಬೇಕು ಅನ್ನುವ ನಿಯಮವೂ ಅಲ್ಲಿ ಜಾರಿಗೆ ಬರುತ್ತದೆ.

ಈ ನಿಯಮಗಳಲ್ಲಿ ಸಡಿಲಿಕೆಗಳಿವೆ. ತುಂಬ ದಿನ ಬಾಳುವ, ನೀರು ತಡೆಯುವ ಫೋನ್‌ಗಳ ಬ್ಯಾಟರಿಯನ್ನು ರಿಪೇರಿಯವರು ಮಾತ್ರ ಬದಲಾಯಿಸುವಂತಿದ್ದರೂ ನಡೆಯುತ್ತದೆ. ಅದು ನನಗೆ ಅಷ್ಟು ದೊಡ್ಡ ತೊಂದರೆ ಅನಿಸಲ್ಲ, ಹತ್ತಿರದ ಯಾವ ರಿಪೇರಿಯವರಿಂದಲಾದರೂ ಆದರೆ ಸರಿ. ದೊಡ್ಡ ತೊಂದರೆ ಬೆಲೆಯಲ್ಲಿದೆ. ಬಿಡಿಭಾಗ ನ್ಯಾಯವಾದ ಬೆಲೆಗೆ ಸಿಗಬೇಕು ಅಂತ ಕಾನೂನು ಹೇಳಬಹುದು, ಆದರೆ ನ್ಯಾಯವಾದದ್ದು ಅಂದರೆ ಎಷ್ಟು ಅನ್ನೋದು ಸಂಖ್ಯೆಯಲ್ಲಿ ಗೊತ್ತಾಗದೆ ಇದ್ದರೆ, ಪರದೆಯ ಬೆಲೆ ಹೊಸ ಫೋನಿನ ಅರ್ಧದಷ್ಟಿದ್ದರೂ ಕೇಳುವವರಿಲ್ಲ. ಅಷ್ಟು ಕೊಟ್ಟು ಮೂರು ವರ್ಷದ ಹಳೇ ಫೋನಿಗೆ ಪರದೆ ಹಾಕಿಸುವವರು ಕಡಿಮೆ. ರಿಪೇರಿ ಹಕ್ಕಿನ ಮುಂದಿನ ಜಗಳ ಈ ಬಿಡಿಭಾಗಗಳ ದರಪಟ್ಟಿಯ ಮೇಲೆಯೇ ನಡೆಯಬೇಕಿದೆ.