ಮೊದಲು ಅಮೀಬಾವೋ, ಕಪ್ಪೆಯೋ?

ಬಿಎಸ್ಸಿಯಲ್ಲಿ ನಮಗೆ ಮೊದಲು ಸಿಕ್ಕಿದ್ದು ಅಮೀಬಾ. ಆಮೇಲೆ ಪ್ಯಾರಮೀಸಿಯಂ, ಹೈಡ್ರಾ, ಎರೆಹುಳು, ಜಿರಳೆ. ಬೆನ್ನುಮೂಳೆ ಇರುವ ಪ್ರಾಣಿಯ ಮುಖ ನೋಡುವ ಹೊತ್ತಿಗೆ ಒಂದು ವರ್ಷವೇ ಕಳೆದಿತ್ತು. ಯಾಕೆ ಈ ಕ್ರಮ ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಸುಲಭದಿಂದ ಕಷ್ಟಕ್ಕೆ ಹೋಗಬೇಕು, ಅಷ್ಟೇ ಅಲ್ವಾ ಅಂದುಕೊಂಡಿದ್ದೆ. ಈ ದಾರಿಯನ್ನು ತರಗತಿಗೆ ತಂದ ಮೇಷ್ಟ್ರೇ ಮುಂದೆ ಅದನ್ನು ತಿರುಗುಮುರುಗು ಮಾಡಿದ್ದರು ಅನ್ನುವುದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಬಿಟ್ಟು.

ಅವರು ಹತ್ತೊಂಬತ್ತನೇ ಶತಮಾನದ ಲಂಡನ್ನಿನ ಜೀವವಿಜ್ಞಾನಿ ಥಾಮಸ್ ಹೆನ್ರಿ ಹಕ್ಸ್ಲಿ. ಡಾರ್ವಿನ್ ಪರವಾಗಿ ವಾದಕ್ಕೆ ನಿಂತವರು ಅಂತ ಜನ ಅವರನ್ನು ನೆನಪಿಟ್ಟುಕೊಂಡಿದ್ದಾರೆ. ನನಗೆ ಅದಕ್ಕಿಂತ ಅವರ ಪಾಠದ ಕೋಣೆಯೇ ದೊಡ್ಡದಾಗಿ ಕಾಣುತ್ತದೆ.

ಅದಕ್ಕೂ ಹಿಂದೆ ವಿಶ್ವವಿದ್ಯಾಲಯಗಳಲ್ಲಿ ಜೀವಿಗಳ ಪಾಠ ಇರಲಿಲ್ಲ ಅಂತಲ್ಲ. ಆದರೆ ಅದು ಹೆಚ್ಚಾಗಿ ವೈದ್ಯಶಾಸ್ತ್ರದ ಬಾಲವಾಗಿತ್ತು. ಇಟಲಿಯ ಪಾಡುವಾದಲ್ಲಿ 1545ರಲ್ಲಿ ತೋಟ ಮಾಡಿದ್ದು ವಿದ್ಯಾರ್ಥಿಗಳು ಮದ್ದಿನ ಗಿಡ ಗುರುತಿಸಲಿ ಅಂತ. ಅಲ್ಲೇ ಐವತ್ತು ವರ್ಷದ ನಂತರ ಕಟ್ಟಿದ ಅಂಗರಚನೆಯ ರಂಗಮಂದಿರದಲ್ಲಿ ಹುಡುಗರು ಕಡಿದಾದ ಮೆಟ್ಟಿಲುಗಳ ಮೇಲೆ ಸುತ್ತಲೂ ನಿಂತು, ಕೆಳಗೆ ಮೇಜಿನ ಮೇಲೆ ಬೇರೆ ಯಾರೋ ಹೆಣ ಕೊಯ್ಯುವುದನ್ನು ನೋಡುತ್ತಿದ್ದರು. ಹದಿನೆಂಟನೇ ಶತಮಾನದಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ವಿದ್ಯಾರ್ಥಿಗಳನ್ನು ಊರಾಚೆಗೆ ಗಿಡ ನೋಡಲು ಕರೆದುಕೊಂಡು ಹೋಗುತ್ತಿದ್ದರು. ಸಂಜೆ ಎಲ್ಲರೂ ಕಹಳೆ, ನಗಾರಿ ಬಾರಿಸಿಕೊಂಡು ಊರಿಗೆ ಮರಳುತ್ತಿದ್ದರಂತೆ! ಅಂಥ ಮೇಷ್ಟ್ರುಗಳು ಅಪರೂಪ. ಬಹುಪಾಲು ಕಡೆ ಪಾಠ ಅಂದರೆ ಕೇಳಿಸಿಕೊಳ್ಳುವುದು.

ಹಕ್ಸ್ಲಿಗೂ ಶುರುವಿನಲ್ಲಿ ಅದೇ ಗತಿ. 1854ರಿಂದ ಅವರು ಪಾಠ ಮಾಡುತ್ತಿದ್ದ ಗಣಿ ಶಾಲೆಯಲ್ಲಿ ವಿದ್ಯಾರ್ಥಿಗಳು ಕೈಯಾರೆ ಕೆಲಸ ಮಾಡಲು ಜಾಗವೇ ಇರಲಿಲ್ಲ. 1872ರಲ್ಲಿ ವಿಭಾಗ ಸೌತ್ ಕೆನ್ಸಿಂಗ್ಟನ್ನಿಗೆ ಬಂದ ಮೇಲೆ ಅವರಿಗೆ ಪ್ರಯೋಗಾಲಯ ಸಿಕ್ಕಿತು. ಶಾಲಾ ಮೇಷ್ಟ್ರುಗಳನ್ನು ಬೇಸಿಗೆಯಲ್ಲಿ ಕರೆಸಿ ಅಲ್ಲಿ ಕೂರಿಸಿದರು. ಮೊದಲು ಒಂದು ಜೀವಿಯ ಬಗ್ಗೆ ಉಪನ್ಯಾಸ, ಅದು ಮುಗಿದ ಕೂಡಲೇ ಬೆಂಚಿಗೆ ಹೋಗಿ ಅದೇ ಜೀವಿಯನ್ನು ಸೂಕ್ಷ್ಮದರ್ಶಕದಲ್ಲಿ, ಸೂಜಿ ಚಾಕುಗಳಲ್ಲಿ ತಾವೇ ಬಿಡಿಸಿ ನೋಡಿ ಚಿತ್ರ ಬರೆಯುವುದು. ಪಕ್ಕದಲ್ಲಿ ನಿಂತು ತೋರಿಸಲು ಮೈಕೆಲ್ ಫಾಸ್ಟರ್, ರೇ ಲ್ಯಾಂಕೆಸ್ಟರ್ ಥರದವರು. ಮುಂದೆ ಅವರೇ ದೊಡ್ಡ ಹೆಸರಾದರು. 1884ರಲ್ಲಿ ಈ ತರಗತಿಗೆ ಸೇರಿದ ಒಬ್ಬ ಹುಡುಗ ತನ್ನ ಬದುಕಿನಲ್ಲಿ ಅತಿ ಹೆಚ್ಚು ಕಲಿತ ವರ್ಷ ಅದು ಅಂತ ಮುಂದೆ ಬರೆದ. ಅವನೇ ಮುಂದೆ ಕಾದಂಬರಿಕಾರನಾದ ಎಚ್.ಜಿ. ವೆಲ್ಸ್.

1875ರಲ್ಲಿ ಹಕ್ಸ್ಲಿ ತಮ್ಮ ಶಿಷ್ಯ ಹೆನ್ರಿ ನೆವೆಲ್ ಮಾರ್ಟಿನ್ ಜೊತೆ ಸೇರಿ ಈ ಪಾಠಗಳನ್ನು ಪುಸ್ತಕ ಮಾಡಿದರು. ಯೀಸ್ಟಿನಿಂದ ಶುರು, ಕಪ್ಪೆಯಲ್ಲಿ ಮುಕ್ತಾಯ. ನಡುವೆ ಅಮೀಬಾ, ಬ್ಯಾಕ್ಟೀರಿಯಾ, ಬೂಷ್ಟು, ಜರೀಗಿಡ, ಬೀನ್ ಗಿಡ, ಹೈಡ್ರಾ, ಸಿಗಡಿಯ ಬಳಗದ ಒಂದು ಪ್ರಾಣಿ. ಗಿಡ ಮತ್ತು ಪ್ರಾಣಿ ಒಂದೇ ಸಾಲಿನಲ್ಲಿ ಕೂತಿರುವುದನ್ನು ಗಮನಿಸಿ. ಜೀವಿಗಳ ಅಧ್ಯಯನ ಒಂದೇ ವಿಷಯ, ಪ್ರಾಣಿಶಾಸ್ತ್ರ ಸಸ್ಯಶಾಸ್ತ್ರ ಅಂತ ಭಾಗ ಮಾಡಿರುವುದು ಬರೀ ಅನುಕೂಲಕ್ಕೆ ಅಂತ ಮುನ್ನುಡಿಯಲ್ಲೇ ಹೇಳಿದ್ದಾರೆ. ನಮ್ಮ ಬಿಎಸ್ಸಿಯ ಸಿಬಿಜೆಡ್‌ನಲ್ಲಿ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಅವೆರಡೂ ಬೇರೆ ಬೇರೆ ವಿಭಾಗ, ಬೇರೆ ಬೇರೆ ರೆಕಾರ್ಡು.

1888ರಲ್ಲಿ ಅದೇ ಪುಸ್ತಕದ ಪರಿಷ್ಕೃತ ಆವೃತ್ತಿ ಬಂತು. ಅದು ಶುರುವಾಗುವುದು ಕಪ್ಪೆಯಿಂದ! ಕಾರಣ ಸರಳ. ಕಪ್ಪೆಗೆ ಕಣ್ಣಿದೆ, ಕಾಲಿದೆ, ಹೃದಯ, ಹೊಟ್ಟೆ ಎಲ್ಲ ಇದೆ, ನಮ್ಮ ಹಾಗೆ. ಹೊಸಬನಿಗೆ ಹಿಡಿದುಕೊಳ್ಳಲು ಏನೋ ಒಂದು ಸಿಗುತ್ತದೆ. ಯೀಸ್ಟಿನಲ್ಲಿ ಏನಿದೆ? ಒಂದು ಗುಳ್ಳೆ. ಸೂಕ್ಷ್ಮದರ್ಶಕದಲ್ಲಿ ಕಣ್ಣಿಡಲು ಇನ್ನೂ ಬಾರದವನಿಗೆ ಅದು ಜೀವಿ ಅಂತ ನಂಬುವುದೇ ಕಷ್ಟ. ಅದೇ ಕಪ್ಪೆಯ ರಕ್ತದ ಒಂದು ಹನಿಯಲ್ಲಿ ಬಿಳಿ ರಕ್ತಕಣ ಮೆಲ್ಲಗೆ ಆಕಾರ ಬದಲಿಸುವುದನ್ನು ಕಂಡು, ಆಮೇಲೆ ಕೆರೆನೀರಿನ ಅಮೀಬಾ ನೋಡಿದರೆ ಎದೆ ಝಲ್ಲೆನ್ನುತ್ತದೆ. ಅರೆ, ಇದು ನನ್ನ ಮೈಯೊಳಗೂ ಇದೆಯಲ್ಲ! ಗೊತ್ತಿದ್ದದ್ದರಿಂದ ಗೊತ್ತಿಲ್ಲದ ಕಡೆಗೆ. ರಚನೆಯಲ್ಲಿ ಸರಳವಾದದ್ದು ಕಲಿಯಲು ಸುಲಭ ಇರಬೇಕು ಅಂತೇನಿಲ್ಲ. ಅರವತ್ತು ದಾಟಿದ, ಜಗತ್ತೇ ಗೌರವಿಸುವ ಮೇಷ್ಟ್ರು ತಮ್ಮ ಕ್ರಮ ತಿದ್ದಿಕೊಂಡರು ನೋಡಿ, ಅದು ನನಗೆ ತುಂಬಾ ಇಷ್ಟ.

ಅಷ್ಟರಲ್ಲಿ ಶಿಷ್ಯರು ದಿಕ್ಕು ದಿಕ್ಕಿಗೆ ಹೋಗಿಯಾಗಿತ್ತು. ಮಾರ್ಟಿನ್ 1876ರಲ್ಲೇ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ಗೆ. ಹಕ್ಸ್ಲಿಯ ಬಳಿ ಡೆಮಾನ್‌ಸ್ಟ್ರೇಟರ್ ಆಗಿದ್ದ ಜೆಫ್ರಿ ಪಾರ್ಕರ್ 1880ರಲ್ಲಿ ನ್ಯೂಜಿಲೆಂಡಿಗೆ. ಈ ಪಾರ್ಕರ್ ಅಂದರೆ ನಮ್ಮ ಕಾಲೇಜು ಲೈಬ್ರರಿಗಳ ದಪ್ಪ ಪುಸ್ತಕ 'ಪಾರ್ಕರ್ ಅಂಡ್ ಹಾಸ್ವೆಲ್' ಇದೆಯಲ್ಲ, ಅದರ ಪಾರ್ಕರೇ. 1897ರಲ್ಲಿ ಬಂದ ಆ ಪುಸ್ತಕ ಏಕಕೋಶ ಜೀವಿಗಳಿಂದ ಹೊರಟು, ಗುಂಪಿಗೊಂದು ಉದಾಹರಣೆ ಹಿಡಿದು ಮೇಲಕ್ಕೆ ಹತ್ತುತ್ತದೆ. ಇಡೀ ಪ್ರಾಣಿಲೋಕವನ್ನು ಸಾಲಾಗಿ ಜೋಡಿಸಲು ಅದು ಒಳ್ಳೆಯ ಕ್ರಮವೇ. ಮೊದಲ ದಿನ ಬೆಂಚಿನ ಮುಂದೆ ಕೂತ ಹುಡುಗಿಗೆ ಒಳ್ಳೆಯದಾ ಅನ್ನುವುದು ಬೇರೆ ಪ್ರಶ್ನೆ. ನಮ್ಮ ಸಿಲಬಸ್ಸಿನಲ್ಲಿ ಉಳಿದದ್ದು ಮಾತ್ರ ಆ ಸಾಲು.

ಸಾಲು ಉಳಿಯಿತು, ನೋಡುವುದು ಸವೆಯಿತು. ನಾನು ಓದಿದ ಕಡೆ ಚಿತ್ರಗಳನ್ನು ಸೀನಿಯರ್ ರೆಕಾರ್ಡಿನಿಂದ ಇಳಿಸುತ್ತಿದ್ದೆವು. ಹೈಡ್ರಾದ ಟೆಂಟಕಲ್ ಎಷ್ಟು ಬರೆಯಬೇಕು ಅಂತ ರೆಕಾರ್ಡು ಹೇಳುತ್ತಿತ್ತು, ಸ್ಲೈಡ್ ಅಲ್ಲ. ಈಗಲೂ ನೆನೆಸಿಕೊಂಡರೆ ಬೇಜಾರಾಗುತ್ತದೆ.

2014ರಲ್ಲಿ ಯುಜಿಸಿ ಪ್ರಾಣಿಶಾಸ್ತ್ರದ ತರಗತಿಗಳಲ್ಲಿ ಪ್ರಾಣಿ ಕೊಯ್ಯುವುದನ್ನು ನಿಲ್ಲಿಸಲು ಹೇಳಿತು. ಒಳ್ಳೆಯದೇ ಆಯಿತು, ಸುಮ್ನೆ ಸತ್ತ ಕಪ್ಪೆಗಳಿಗೆ ಲೆಕ್ಕವೇ ಇಲ್ಲ. ಆದರೆ ಆ ಕೊಯ್ಯುವ ಟ್ರೇ ಹೋದ ಜಾಗಕ್ಕೆ ಚಾರ್ಟು, ವಿಡಿಯೋ ಅಷ್ಟೇ ಬಂದರೆ ನಾವು ಪಾಡುವಾದ ಮೆಟ್ಟಿಲಿಗೆ ವಾಪಸ್ ಹೋದಂತೆ. ಕೊಲ್ಲದೆ ಬಿಡಿಸಿ ನೋಡುವಂಥದ್ದು ಹಕ್ಸ್ಲಿಯ ಪಟ್ಟಿಯಲ್ಲೇ ಇದೆ. ಅವರ ಬೀನ್ ಗಿಡ ನಮ್ಮ ಅವರೆಯ ಕುಟುಂಬದ್ದೇ. ಸೊಗಡಿನ ಕಾಲದಲ್ಲಿ ನೆನೆಸಿದ ಅವರೆಕಾಳನ್ನು ಅಡುಗೆಮನೆಯಲ್ಲಿ ಎಲ್ಲರೂ ಕೂತು ಹಿದುಕುತ್ತೇವೆ. ಸಿಪ್ಪೆ ಜಾರಿದ ಮೇಲೆ ಒಂದು ಬೇಳೆಯನ್ನು ಸಾರಿಗೆ ಹಾಕದೆ ಎತ್ತಿಟ್ಟುಕೊಂಡು, ಉಗುರಿನಿಂದ ಎರಡು ಹೋಳು ಮಾಡಿ ನೋಡಿ. ಹೋಳಿನ ಅಂಚಿನಲ್ಲಿ ಪುಟ್ಟ ಬೇರು, ಅದರ ಮೇಲೆ ಮಡಿಸಿಟ್ಟ ಎರಡು ಎಳೆ ಎಲೆ ಕಾಣುತ್ತವೆ.